ಬರ್ತೀನಿ ಅಂದ ಮೇಲೆ

ಚನ್ನಗಿರಿಯ ಮಂಡಿ ಬೀದಿಯಲ್ಲಿ ಮುರುಗೇಶಪ್ಪನವರ ಅಡಿಕೆ ಅಂಗಡಿ ಕಣ್ಣಿಗೆ ಬೀಳುವ ಮೊದಲೇ ಅದರ ಮಹಡಿ ಕಿವಿಗೆ ಬೀಳುತ್ತದೆ. "ಬಾಯಿ ಬಿಟ್ಟು ಹೇಳ್ರೇ! ಬಾಯಾಗೇನು ಎಲೆ ಅಡಿಕೆ ಇಟ್ಕಂಡೀರಾ?" ಎಂದು ಒಂದು ಹೆಂಗಸಿನ ಗಂಟಲು. ಅದರ ಬೆನ್ನಿಗೇ ಹುಡುಗಿಯರೆಲ್ಲ ಸೇರಿ "ಬೊಂಜೋರ್ನೊ ಸಿನ್ಯೋರಾ" ಎಂದು ಕಿರುಚುವುದು. ಕೆಳಗೆ ಅಡಿಕೆ ಆರಿಸುವವರಿಗೂ ಅದು ರೂಢಿಯಾಗಿ ಹೋಗಿದೆ. ಮುರುಗೇಶಪ್ಪನವರಂತೂ ಮಾಲು ತಂದ ರೈತರಿಗೆಲ್ಲ ನಮಸ್ಕಾರದ ಬದಲು ಬೊಂಜೋರ್ನೊ ಅನ್ನುತ್ತಾರೆ. ಅದಕ್ಕೆ ರೈತರು, "ಆತು ಬಿಡ್ರಿ, ಮೊದ್ಲು ರೇಟ್ ಹೇಳ್ರಿ," ಅನ್ನುತ್ತಾರೆ.

ಆ ಗಂಟಲಿನ ಒಡತಿ ಪುಷ್ಪಾವತಿ. ಹುಟ್ಟಿದ್ದು ನ್ಯಾಮತಿ ತಾಲ್ಲೂಕಿನಲ್ಲಿ, ಸೂರಗೊಂಡನಕೊಪ್ಪದ ಮಗ್ಗುಲ ಹಳ್ಳಿ. ಕೊಟ್ಟಿದ್ದು ಹೊನ್ನಾಳಿಗೆ. ಗಂಡ ಮಾಲತೇಶ್ ಅಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಈಕೆ ಬೆಳಗಿನ ಬಸ್ಸು ಹಿಡಿದು ಚನ್ನಗಿರಿಗೆ ಬಂದು ನರ್ಸಿಂಗ್ ಮುಗಿಸಿದ ಹುಡುಗಿಯರಿಗೆ ಇಟಾಲಿಯನ್ ಭಾಷೆ ಹೇಳಿಕೊಡುತ್ತಾಳೆ. ಕೇಳಿದವರು ಮೊದಲು ನಗುತ್ತಾರೆ. ನಗಲಿ ಬಿಡಿ. ಇಟಲಿಯಲ್ಲಿ ಮುದುಕರು ಹೆಚ್ಚು, ನೋಡಿಕೊಳ್ಳುವವರು ಕಡಿಮೆ. ನಮ್ಮಲ್ಲಿ ನರ್ಸಿಂಗ್ ಕಲಿತು ಕೈ ಕಟ್ಟಿ ಕೂತವರು ತಾಲ್ಲೂಕಿಗೊಂದು ಬಸ್ಸು ತುಂಬುವಷ್ಟಿದ್ದಾರೆ. ನಡುವೆ ಅಡ್ಡ ನಿಂತಿರುವುದು ಭಾಷೆ ಒಂದೇ. ಇದನ್ನು ಕಂಡುಕೊಳ್ಳಲು ಪುಷ್ಪಾವತಿಗೆ ಯಾವ ಸರ್ವೆಯೂ ಬೇಕಾಗಲಿಲ್ಲ, ಯಾಕೆಂದರೆ ಅವಳು ಅಲ್ಲಿಗೆ ಹೋಗಿ ಇದ್ದು ಬಂದವಳು.

ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ಅಲ್ಲಿನ ಸಿಸ್ಟರ್ ಒಬ್ಬರ ಗುರುತಿನ ಮೇಲೆ ಇಟಲಿಯ ಉತ್ತರದ ಬೆಟ್ಟದ ಊರೊಂದಕ್ಕೆ ಹೋಗಿದ್ದಳು, ಜೆಮ್ಮಾ ಎಂಬ ಅಜ್ಜಿಯನ್ನು ನೋಡಿಕೊಳ್ಳಲು. ಹೋಗುವ ಮೊದಲು ಒಂದು ಪುಸ್ತಕ ಉರು ಹೊಡೆದಿದ್ದಳು. ಅಲ್ಲಿ ಇಳಿದ ಮೇಲೆ ಅಜ್ಜಿ ಬಾಯಿ ತೆರೆದಳು ನೋಡಿ, ಪುಸ್ತಕದ ಒಂದು ಮಾತಾದರೂ ಕೇಳಿಸಬೇಕಲ್ಲ! ಪುಸ್ತಕದಲ್ಲಿ ಹುಡುಗಿಗೆ 'ರಗಾತ್ಸಾ' ಎಂದಿತ್ತು. ಅಜ್ಜಿ 'ತೋಜಾ' ಎಂದು ಕರೆದಳು. ಪುಸ್ತಕದ 'ಹೋಗೋಣ' ಬೇರೆ, ಅಜ್ಜಿಯ 'ಹೋಗೋಣ' ಬೇರೆ. ಬೇರೆಯವರಾಗಿದ್ದರೆ ಬಾಗಿಲು ಹಾಕಿಕೊಂಡು ಅಳುತ್ತಿದ್ದರು. ಪುಷ್ಪಾವತಿ ಅಳಲಿಲ್ಲ. ಅವಳ ಊರಲ್ಲಿ ಈ ಬೀದಿಗೆ ಕನ್ನಡ, ಆಚೆಯ ತಾಂಡಾಕ್ಕೆ ಲಂಬಾಣಿ ಮಾತು, ಶಾಲೆಯ ಪುಸ್ತಕಕ್ಕೆ ಮೂರನೆಯದೇ ಒಂದು ಕನ್ನಡ. ಮೂರನ್ನೂ ಚಡ್ಡಿ ಹಾಕುವ ಮಕ್ಕಳೇ ನಿಭಾಯಿಸುತ್ತಿದ್ದವು. 'ಇದೂ ಹಂಗೇ ಬಿಡು' ಅಂದುಕೊಂಡು ಪುಸ್ತಕವನ್ನು ಪೆಟ್ಟಿಗೆಗೆ ಹಾಕಿ ಅಜ್ಜಿಯ ಬಾಯಿಯನ್ನೇ ನೋಡುತ್ತಾ ಕೂತಳು. ವರ್ಷ ತುಂಬುವುದರೊಳಗೆ ಇಬ್ಬರೂ ಜಗಳ ಆಡುವಷ್ಟು ಭಾಷೆ ಬಂತು. ಜಗಳ ಆಡಲು ಬಂದರೆ ಭಾಷೆ ಬಂದಂತೆಯೇ ಎಂಬುದು ಅವಳ ಲೆಕ್ಕ.

ಆರು ವರ್ಷ ಅಲ್ಲಿದ್ದಳು. ಆಮೇಲೆ ತಾಯಿಗೆ ಹುಷಾರಿಲ್ಲ ಎಂದು ಊರಿನಿಂದ ಫೋನ್ ಬಂತು. ಜೆಮ್ಮಜ್ಜಿಯ ಕಾಲಿಗೆ ನಮಸ್ಕಾರ ಮಾಡಿ, ನಮ್ಮಲ್ಲಿ ಎಲ್ಲರೂ ಹೇಳುವಂತೆ ಹೇಳಿ ಹೊರಟು ಬಂದಳು. ಅದೇ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡಳು. ಅಜ್ಜಿಯ ಮಗಳು ಫೋನಿನಲ್ಲಿ ಅಳುತ್ತಾ, "ನಿನ್ನ ಏಪ್ರನ್ನನ್ನು ಬಾಗಿಲ ಹಿಂದಿನ ಮೊಳೆಯಿಂದ ತೆಗೆಯಲು ಅಮ್ಮ ಕೊನೆಯವರೆಗೂ ಬಿಡಲೇ ಇಲ್ಲ," ಎಂದಿದ್ದಳು. ಎಷ್ಟು ಪ್ರೀತಿ ಇಟ್ಟಿದ್ದಳು ಮುದುಕಿ ಎಂದು ಪುಷ್ಪಾವತಿಯೂ ಅತ್ತಿದ್ದಳು.

ಇದು ಹಳೆಯ ಕತೆ. ಈಗಿನ ಕತೆ ಶುರುವಾಗುವುದು ರೇಣುಕಪ್ರಸಾದ್ ಮೆಟ್ಟಿಲು ಹತ್ತಿ ಬಂದ ದಿನದಿಂದ. ಈತ ದಾವಣಗೆರೆಯಲ್ಲಿ ಆಫೀಸು ಇಟ್ಟುಕೊಂಡು ಹೊರದೇಶದ ಕೆಲಸ ಕೊಡಿಸುವವನು. ಇಟಲಿಯ ವೃದ್ಧಾಶ್ರಮವೊಂದು ನರ್ಸುಗಳನ್ನು ಕೇಳಿತ್ತು. ಅವರು ಮೊದಲು ಒಬ್ಬಳನ್ನು ಮಾತಾಡಿಸಿ ನೋಡುತ್ತಾರೆ, ಒಪ್ಪಿಗೆಯಾದರೆ ಉಳಿದವರನ್ನೂ ಇಲ್ಲಿಂದಲೇ ತೆಗೆದುಕೊಳ್ಳುತ್ತಾರೆ. ಆ ಒಬ್ಬಳು ಚೈತ್ರಾ ಎಂದು ಪುಷ್ಪಾವತಿಯೇ ಆರಿಸಿದ್ದಳು. ಜಗಳೂರಿನ ಕಡೆಯ ಹುಡುಗಿ, ಚನ್ನಗಿರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕ್ಲಾಸಿಗೆ ಬರುತ್ತಿದ್ದಳು. ಮಾತು ಮೆತ್ತಗೆ, ಕೈ ಚುರುಕು.

ರೇಣುಕಪ್ರಸಾದ್ ಕೂರಲೂ ಇಲ್ಲ. "ಮೇಡಂ, ಚೈತ್ರಾ ಮಾತಾಡಿದ್ದನ್ನ ಬೆಂಗಳೂರಿನ ಒಬ್ಬ ಇಟಾಲಿಯನ್ ಟೀಚರಿಗೆ ಕೇಳಿಸಿದೆ. ಅವರು ಏನಂದ್ರು ಗೊತ್ತಾ? ಈ ಹುಡುಗಿ ಬೆಟ್ಟದ ಮೇಲೆ ದನ ಕಾಯೋ ಅಜ್ಜಿ ಥರ ಮಾತಾಡ್ತಾಳೆ ಅಂದ್ರು."

"ಜೆಮ್ಮಜ್ಜಿ ದನ ಕಾದೋಳೇ. ಏನೀಗ?"

"ಏನೀಗ ಅಂದ್ರೆ? ಅಲ್ಲಿಗೆ ಹೋಗೋರು ಪಾಸಾಗಲೇಬೇಕಾದ ಭಾಷಾ ಪರೀಕ್ಷೆಗೆ ಇದು ನಡೆಯಲ್ಲ, ಇಂಟರ್‌ವ್ಯೂಗೂ ನಡೆಯಲ್ಲ. ಚೈತ್ರಾ ಈ ಸಲ ಪಾಸಾಗದಿದ್ರೆ ಇಡೀ ಬ್ಯಾಚನ್ನ ದಾವಣಗೆರೆಗೆ ಕರ್ಕಂಡು ಹೋಗಿ ಆನ್‌ಲೈನ್ ಕ್ಲಾಸಿಗೆ ಹಾಕ್ತೀನಿ. ನಿಮ್ಮ ಕ್ಲಾಸು ಇಲ್ಲಿಗೆ ಮುಗೀತು ಅಂತ ತಿಳ್ಕೊಳ್ಳಿ."

ಪುಷ್ಪಾವತಿಗೆ ಮೈಯೆಲ್ಲ ಉರಿದು ಹೋಯಿತು. "ಹೋಗ್ರಿ ಹೋಗ್ರಿ, ಇಳಿಯೋವಾಗ ಮೆಟ್ಲು ನೋಡ್ಕಂಡು ಇಳೀರಿ," ಎಂದು ಕಳಿಸಿದಳು. ಕಳಿಸಿದ ಮೇಲೆ ಮಾತ್ರ ಚಿಂತೆ ಹತ್ತಿತು. ಈ ಕ್ಲಾಸು ಅವಳಿಗೆ ಬರೀ ಸಂಪಾದನೆಯಲ್ಲ. ಚಿಕ್ಕಂದಿನಿಂದ 'ಬಾಯಿಬಡುಕಿ' ಅನ್ನಿಸಿಕೊಂಡವಳನ್ನು ಊರವರು 'ಮೇಡಂ' ಎಂದು ಕರೆದಿದ್ದು ಈ ಮಹಡಿ ಹತ್ತಿದ ಮೇಲೆ.

ಹೊನ್ನಾಳಿಗೆ ಹೋದವಳೇ ಪರೀಕ್ಷೆಯ ಆಡಿಯೋಗಳನ್ನು ಹಚ್ಚಿಕೊಂಡು ಕೂತಳು. ಅರ್ಥವೇನೋ ಎಲ್ಲ ಆಯಿತು. ಆದರೆ ಹಾಗೆ ತಿರುಗಿ ಹೇಳಲು ಹೋದರೆ ನಾಲಿಗೆ ಬೆಟ್ಟ ಹತ್ತಿ ಜೆಮ್ಮಜ್ಜಿಯ ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತಿತ್ತು. ಮಾಲತೇಶ್ ಮೋಟರಿನ ವೈಂಡಿಂಗ್ ಬಿಚ್ಚುತ್ತಾ ಕೇಳಿದ, "ಅಲ್ಲ, ತಹಸೀಲ್ದಾರ್ ಮುಂದೆ ಹೋದ್ರೆ ನನ್ ಹತ್ರ ಮಾತಾಡ್ದಂಗೇ ಮಾತಾಡ್ತೀಯೇನು?"

"ಹೂಂ. ಹಂಗೇ ಮಾತಾಡ್ತೀನಿ."

"ನೀನು ಆಡ್ತೀಯ ಬಿಡು. ಉಳಿದೋರು ಆಡ್ತಾರಾ?"

ಗಂಡನ ಎದುರಿಗೆ ಒಪ್ಪಿಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ. ಆದರೂ ಮನಸ್ಸಿಗೆ ತಾಗಿತು. ಬೆಂಗಳೂರಿನ ಟೀಚರ್ ಹೇಳಿದ್ದು ಚುಚ್ಚುವ ಮಾತಾದರೂ ಸುಳ್ಳು ಮಾತಲ್ಲ. ತಾನು ಹುಡುಗಿಯರಿಗೆ ಒಂದೇ ಇಟಾಲಿಯನ್ ಕೊಟ್ಟಿದ್ದೇನೆ, ಎರಡು ಕೊಡಬೇಕಿತ್ತು ಎಂದು ಅವಳಿಗೆ ಖಾತ್ರಿಯಾಯಿತು.

ಮರುದಿನ ಮಹಡಿಯಲ್ಲಿ ಒಂದು ಕಡೆ ಮುರುಗೇಶಪ್ಪನವರ ಹಳೆಯ ಮರದ ಕುರ್ಚಿ, ಇನ್ನೊಂದು ಕಡೆ ಈಚಲು ಚಾಪೆ ಹಾಸಿದಳು. "ಜಗಳೂರು ಬಸ್ಸಿನಾಗೆ 'ಹೆಂಗಿದೀಯೇ' ಅಂತೀರಿ. ಕಾಲೇಜಿನಾಗೆ ಪ್ರಿನ್ಸಿಪಾಲರಿಗೆ 'ಹೇಗಿದ್ದೀರಿ ಸರ್' ಅಂತೀರಿ. ಯಾರಾದ್ರೂ ಕಲಿಸಿದ್ರಾ ಇದನ್ನ? ಇಲ್ಲ. ಇದೂ ಅಷ್ಟೇ. ಕುರ್ಚಿ ಮೇಲೆ ಕೂತ್ರೆ ಪರೀಕ್ಷೆ ಭಾಷೆ. ಚಾಪೆ ಮೇಲೆ ಕೂತ್ರೆ ಅಜ್ಜಿ ಭಾಷೆ. ಒಂದರ ಮೇಲೆ ಕೂತು ಇನ್ನೊಂದು ಮಾತಾಡಿದೋರಿಗೆ ಕೆಳಗಡೆ ಹೋಗಿ ಅಡಿಕೆ ಆರ್ಸೋ ಕೆಲ್ಸ!"

ಹುಡುಗಿಯರಿಗೆ ಹಬ್ಬವೋ ಹಬ್ಬ. ಕುರ್ಚಿಯಿಂದ ಚಾಪೆಗೆ, ಚಾಪೆಯಿಂದ ಕುರ್ಚಿಗೆ ಹಾರುವುದೇ ಹಾರುವುದು. ಕುರ್ಚಿಯ ಭಾಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಎಡವುತ್ತಿದ್ದವಳು ಪುಷ್ಪಾವತಿಯೇ. ಹುಡುಗಿಯರು "ಮೇಡಂ, ಔಟ್!" ಎಂದು ಕೂಗುತ್ತಿದ್ದರು. ಅವಳು ಕೆಳಗಿಳಿದು ಅಡಿಕೆ ಆರಿಸಿ ಬರುತ್ತಿದ್ದಳು. ಆ ತಿಂಗಳು ಅವಳು ಆರಿಸಿದಷ್ಟು ಅಡಿಕೆಯನ್ನು ನನ್ನ ಆಳುಗಳೂ ಆರಿಸಲಿಲ್ಲ ಎಂದು ಮುರುಗೇಶಪ್ಪನವರು ಇವತ್ತಿಗೂ ಹೇಳುತ್ತಾರೆ.

ಇಂಟರ್‌ವ್ಯೂ ದಿನ ಬಂತು. ಭಾಷೆಯ ಪರೀಕ್ಷೆಯನ್ನು ಚೈತ್ರಾ ಅಷ್ಟರಲ್ಲಿ ಪಾಸು ಮಾಡಿಕೊಂಡಿದ್ದಳು. ಕುರ್ಚಿಯ ಎದುರು ಲ್ಯಾಪ್‌ಟಾಪ್. ಪರದೆಯಲ್ಲಿ ಆಶ್ರಮದ ಮೇಲ್ವಿಚಾರಕಿ ಲೊರೆದಾನಾ, ಕನ್ನಡಕದ ಗಟ್ಟಿ ಹೆಂಗಸು. ಗೋಡೆಗೆ ಒರಗಿ ಪುಷ್ಪಾವತಿ, ಬಾಗಿಲಲ್ಲಿ ರೇಣುಕಪ್ರಸಾದ್. ಚೈತ್ರಾ ಕುರ್ಚಿಯ ಭಾಷೆಯಲ್ಲಿ ಅಚ್ಚುಕಟ್ಟಾಗಿ ಉತ್ತರ ಕೊಟ್ಟಳು. ಬಿಪಿ ನೋಡುವುದು, ಗಾಯ ತೊಳೆಯುವುದು, ಊಟ ಮಾಡಿಸುವುದು. ಲೊರೆದಾನಾಳ ಮುಖ ಸಡಿಲಾಯಿತು.

ಅಷ್ಟರಲ್ಲಿ ಪರದೆಯ ಹಿಂದಿನಿಂದ ಒಂದು ಗಾಲಿಕುರ್ಚಿ ಮೆಲ್ಲಗೆ ಮುಂದೆ ಬಂತು. ಅದರಲ್ಲಿ ಉಣ್ಣೆ ಟೊಪ್ಪಿಗೆಯ ಒಬ್ಬ ಅಜ್ಜಿ. ಹೆಸರು ಇರ್ಮಾ ಎಂದು ಆಮೇಲೆ ತಿಳಿಯಿತು. ಆಕೆ ಪರದೆಗೆ ಮೂಗು ತಾಗಿಸಿ, "ಯಾರೇ ಈ ತೋಜಾ?" ಎಂದಳು. ಬೆಟ್ಟದ ಮಾತು, ಜೆಮ್ಮಜ್ಜಿಯ ಮಾತು!

ಚೈತ್ರಾ ಏನು ಮಾಡಿದಳು ಅಂತೀರಿ? ಅಜ್ಜಿಯ ಭಾಷೆ ಕಿವಿಗೆ ಬಿದ್ದದ್ದೇ ತಡ, ಅಭ್ಯಾಸಬಲದಿಂದ ಕುರ್ಚಿ ಬಿಟ್ಟು ಇಳಿದು ಚಾಪೆಯ ಮೇಲೆ ಕೂತುಬಿಟ್ಟಳು. ಪರದೆಯಲ್ಲಿ ಬರೀ ಖಾಲಿ ಕುರ್ಚಿ. ಲೊರೆದಾನಾ "ಎಲ್ಲಿ ಹೋದಳು?" ಎಂದು ಗಾಬರಿಯಾದಳು. ಪುಷ್ಪಾವತಿ ಓಡಿ ಬಂದು ಲ್ಯಾಪ್‌ಟಾಪನ್ನೇ ಚಾಪೆಗೆ ಇಳಿಸಿದಳು. ಅಲ್ಲಿಂದ ಮುಂದೆ ಇಂಟರ್‌ವ್ಯೂ ಯಾರ ಕೈಯಲ್ಲೂ ಇರಲಿಲ್ಲ. ಮಂಡಿನೋವು, ಮೊಮ್ಮಗ, ನಿನ್ನೆಯ ಸೂಪಿಗೆ ಉಪ್ಪಿಲ್ಲದ್ದು ಎಲ್ಲವನ್ನೂ ಇರ್ಮಾ ಹೇಳಿಕೊಂಡಳು, ಚೈತ್ರಾ ಹೂಂಗುಟ್ಟಿದಳು, ನಡುನಡುವೆ ಗದರಿದಳು ಕೂಡ. ಕೊನೆಗೆ ಕೈ ಮುಗಿದು, ಅಜ್ಜಿಯ ಭಾಷೆಯಲ್ಲೇ "ಬರ್ತೀನಿ ಅಜ್ಜಿ" ಎಂದಳು. ಲೊರೆದಾನಾ ನಗುತ್ತಾ ಕೈ ಬೀಸಿ ಪರದೆ ಆರಿಸಿದಳು.

ಮುರುಗೇಶಪ್ಪನವರು ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದರು. ರೇಣುಕಪ್ರಸಾದನೂ ಬಜ್ಜಿ ಕಚ್ಚುತ್ತಾ, "ನಾನು ಮೊದ್ಲೇ ಹೇಳಿದ್ನಲ್ಲ ಮೇಡಂ," ಎಂದ. ಏನು ಹೇಳಿದ್ದನೋ ಅವನಿಗೇ ಗೊತ್ತು. ಪುಷ್ಪಾವತಿ ಅವತ್ತು ಬಸ್ಸಿನಲ್ಲಿ ಹೊನ್ನಾಳಿಯವರೆಗೆ ಒಬ್ಬಳೇ ನಗುತ್ತಾ ಹೋದಳು.

ಎರಡು ದಿನ ಬಿಟ್ಟು ಅದೇ ರೇಣುಕಪ್ರಸಾದ್ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ. ಮುಖ ಕಪ್ಪಿಟ್ಟಿತ್ತು.

"ಎಲ್ಲಾ ಹೋತು ಮೇಡಂ. ಆ ಅಜ್ಜಿ ಅವತ್ತಿನಿಂದ ಕೋಟು ಹಾಕ್ಕೊಂಡು ಗೇಟಿನ ಹತ್ರ ಕೂತೈತಂತೆ. ಆ ಹುಡುಗಿ ಬರ್ತೀನಿ ಅಂದಾಳೆ, ಅವಳ್ನ ಬಿಟ್ಟು ಉಣ್ಣಲ್ಲ ಅಂತ ಹಟ ಹಿಡಿದೈತಂತೆ. ಒಂದು ತಟ್ಟೆ ಬೇರೆ ತೆಗೆದು ಇಡಿಸೈತಂತೆ. ಮೇಲ್ವಿಚಾರಕಿ ಕೆಂಡ ಆಗ್ಯಾಳೆ. ಮುದುಕರಿಗೆ ಸುಳ್ಳು ಭರವಸೆ ಕೊಡೋ ನರ್ಸು ನಮಗೆ ಬ್ಯಾಡ ಅಂದ್ಲು."

ಚೈತ್ರಾಳ ಕಣ್ಣಲ್ಲಿ ಬಳಬಳ ನೀರು. "ನಾನೇನು ಸುಳ್ಳು ಹೇಳಿದ್ನಾ ಮೇಡಂ? ಎದ್ದು ಹೊರಡಾಕೆ ಇನ್ನೇನು ಅನ್ಬೇಕಿತ್ತು? ವಯಸ್ಸಾದೋರ ಮುಂದೆ ಹೋಗ್ತೀನಿ ಅನ್ನಾಕಾಗುತ್ತಾ?"

ಆಗುವುದಿಲ್ಲ. ಜಗಳೂರಿನಲ್ಲೂ ಆಗುವುದಿಲ್ಲ, ಹೊನ್ನಾಳಿಯಲ್ಲೂ ಆಗುವುದಿಲ್ಲ. ಮನೆಯಿಂದ ಹೊರಡುವವರು 'ಹೋಗ್ತೀನಿ' ಅಂದರೆ ಹಿರಿಯರು ಬಾಯಿ ಮೇಲೆ ಹೊಡೆಯುತ್ತಾರೆ. ಹೋಗುವುದು ಅಂದರೆ ತಿರುಗಿ ಬರದಂತೆ ಹೋಗುವುದು. ಬದುಕಿರುವವರು 'ಬರ್ತೀನಿ' ಅನ್ನಬೇಕು. ಅಂಗಡಿಯವನಿಗೂ ಹಾಗೇ ಅನ್ನುತ್ತೇವೆ, ಮತ್ತೆಂದೂ ಕಾಣದ ಬಸ್ಸಿನ ಜೊತೆಗಾರನಿಗೂ ಹಾಗೇ ಅನ್ನುತ್ತೇವೆ. ಯಾರೂ ಕಾಯುತ್ತಾ ಕೂರುವುದಿಲ್ಲ. ಆ ದಿನ ಅಷ್ಟು ಜನ ಮಹಡಿಯಲ್ಲಿದ್ದರಲ್ಲ, ಚೈತ್ರಾ ಅಂದದ್ದು ಒಬ್ಬರ ಕಿವಿಗೂ ಬೇರೆಯಾಗಿ ಕೇಳಿಸಿರಲಿಲ್ಲ. ಪುಷ್ಪಾವತಿಗೂ ಕೇಳಿಸಿರಲಿಲ್ಲ.

ಅವಳು ಬೈಯುತ್ತಾಳೆ ಎಂದು ಎಲ್ಲರೂ ಕಾದರು. ಬೈಯಲಿಲ್ಲ. ಚಾಪೆಯ ಮೇಲೆ ಕೂತಳು. ಬಾಗಿಲ ಹಿಂದಿನ ಮೊಳೆ, ಅದಕ್ಕೆ ನೇತು ಹಾಕಿದ ಏಪ್ರನ್ನು ಕಣ್ಣ ಮುಂದೆ ಬಂತು. ತಾನೂ ಜೆಮ್ಮಜ್ಜಿಗೆ 'ಬರ್ತೀನಿ' ಅಂದೇ ಹೊರಟು ಬಂದವಳು. ಅದು ಪ್ರೀತಿಯ ನೆನಪಿಗೆ ಇಟ್ಟುಕೊಂಡ ಏಪ್ರನ್ ಅಲ್ಲ. ಬಂದಾಗ ಬೇಕಾಗುತ್ತದೆ ಎಂದು ಇಟ್ಟ ಏಪ್ರನ್. ಮುದುಕಿ ಸಾಯುವ ತನಕ ಕಾದಿದ್ದಳು! ಅಯ್ಯೋ ನನ್ನಜ್ಜಿ, ಒಂದು ಮಾತು ಬಿಡಿಸಿ ಹೇಳಿ ಬರಬಾರದಿತ್ತೇ ಎಂದು ಸಂಕಟಪಟ್ಟಳು. ಏನಾಯಿತೆಂದು ಹುಡುಗಿಯರಿಗೆ ತಿಳಿಯಲಿಲ್ಲ.

ಪುಷ್ಪಾವತಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಆ ಹೆಂಗಸಿಗೆ ಫೋನ್ ಹಚ್ರಿ."

"ಬ್ಯಾಡ ಮೇಡಂ, ಇನ್ನೂ ಕೆಡುತ್ತೆ," ಎಂದ ರೇಣುಕಪ್ರಸಾದ್.

"ಕೆಡಾಕೆ ಇನ್ನೇನು ಉಳಿದೈತ್ರೀ? ಹಚ್ರಿ ಅಂದ್ರೆ ಹಚ್ರಿ."

ಲೊರೆದಾನಾ ಪರದೆಗೆ ಬಂದಳು. ಪುಷ್ಪಾವತಿ ಕುರ್ಚಿಯ ಮೇಲೆ ನೆಟ್ಟಗೆ ಕೂತು, ಕಷ್ಟಪಟ್ಟು ಕಲಿತ ಕುರ್ಚಿಯ ಭಾಷೆಯಲ್ಲೇ, ತಡವರಿಸಿದರೂ ನಿಲ್ಲಿಸದೆ ಹೇಳಿದಳು. ನಮ್ಮ ಕಡೆ ಹೊರಡುವಾಗ ಏನನ್ನುತ್ತಾರೆ, ಯಾಕೆ ಅನ್ನುತ್ತಾರೆ, ಚೈತ್ರಾ ಗೌರವಕ್ಕೆ ಅಂದಳೇ ಹೊರತು ಮೋಸಕ್ಕಲ್ಲ ಎಂದಳು. ಜೆಮ್ಮಜ್ಜಿಯ ಏಪ್ರನ್ನಿನ ಸಂಗತಿಯನ್ನೂ ಮುಚ್ಚಿಡಲಿಲ್ಲ.

ಲೊರೆದಾನಾ ಕನ್ನಡಕ ತೆಗೆದಳು. "ನಿಮ್ಮ ಪದ್ಧತಿ ನನಗೆ ಅರ್ಥವಾಯಿತು. ಆದರೆ ಇರ್ಮಾಗೆ ನಾನು ಏನು ಹೇಳಲಿ? ಆಕೆ ಕೇಳಿದ್ದು ಮಾತು ಕೊಟ್ಟಿದ್ದನ್ನು."

"ಹೌದು, ಮಾತು ಕೊಟ್ಟಾಗಿದೆ. ಅದನ್ನ ಸುಳ್ಳು ಮಾಡೋದೂ ನಿಮ್ಮ ಕೈಯಲ್ಲಿದೆ, ನಿಜ ಮಾಡೋದೂ ನಿಮ್ಮ ಕೈಯಲ್ಲೇ ಇದೆ. ನಮ್ಮ ಹುಡುಗಿ ಬರೋಕೆ ತಯಾರಿದ್ದಾಳೆ. ನೀವು ಕರೆಸಿಕೊಳ್ಳಿ."

ಚೈತ್ರಾ ಇದನ್ನು ಕನ್ನಡದಲ್ಲಿ ಪಿಸುಗುಟ್ಟಿದ್ದೇ ತಡ, ರೇಣುಕಪ್ರಸಾದ್ ಹಣೆ ಹಣೆ ಚಚ್ಚಿಕೊಂಡ. ಪರದೆಯಲ್ಲಿ ಲೊರೆದಾನಾ ಕನ್ನಡಕವನ್ನು ಮತ್ತೆ ಏರಿಸಿಕೊಂಡು ಅವಳನ್ನು ದಿಟ್ಟಿಸಿದಳು. ಇಷ್ಟು ರಾಜಾರೋಷವಾಗಿ ಕೆಲಸ ಕೇಳಿದವರನ್ನು ಆಕೆ ಅದುವರೆಗೆ ಕಂಡಿರಲಿಲ್ಲವೋ ಏನೋ.

"ಇರ್ಮಜ್ಜಿಯನ್ನ ಕರೀರಿ, ನಾನು ಮಾತಾಡ್ತೀನಿ," ಎಂದಳು ಪುಷ್ಪಾವತಿ. ಗಾಲಿಕುರ್ಚಿ ಬಂತು. ಕೋಟಿನ ಗುಂಡಿಗಳೆಲ್ಲ ಹಾಕಿಯೇ ಇದ್ದವು. ಪುಷ್ಪಾವತಿ ಚಾಪೆಗೆ ಇಳಿದು ಅಜ್ಜಿಯ ಭಾಷೆಯಲ್ಲಿ ಶುರು ಮಾಡಿದಳು. "ನೋಡಜ್ಜಿ, ಹುಡುಗಿ ಇವತ್ತು ಬರಲ್ಲ. ನಾಳೆನೂ ಬರಲ್ಲ. ಕಾಗದ ಪತ್ರ ಆಗಬೇಕು, ವಿಮಾನ ಹತ್ತಬೇಕು. ನಿಮ್ಮೂರಿನ ಹಿಮ ಎಲ್ಲ ಕರಗಿದ ಮೇಲೆ ಬರ್ತಾಳೆ. ಅಲ್ಲಿಯವರೆಗೆ ಹೊಟ್ಟೆ ತುಂಬ ಉಣ್ಣಬೇಕು ನೀನು. ಉಪಾಸ ಬಿದ್ದಿರೋ ಅಜ್ಜಿಯನ್ನ ನೋಡ್ಕೊಳ್ಳೋಕೆ ನಮ್ಮ ಹುಡುಗೀರನ್ನ ಕಳಿಸಲ್ಲ ನಾನು!"

ಇರ್ಮಾ ಕಣ್ಣು ಕಿರಿದು ಮಾಡಿ ನೋಡಿದಳು. "ನೀನು ಯಾವ ಊರಿನವಳೇ, ನಮ್ಮ ಮಾತಾಡ್ತೀಯ?"

ಪುಷ್ಪಾವತಿ ಜೆಮ್ಮಜ್ಜಿಯ ಊರಿನ ಹೆಸರು ಹೇಳಿದಳು.

"ಓ, ಇಲ್ಲೇ ಬೆಟ್ಟದಾಚೆ. ಹಾಗಾದರೆ ದೂರವೇನಿಲ್ಲ," ಎಂದ ಇರ್ಮಾ ಕೋಟಿನ ಮೊದಲ ಗುಂಡಿ ಬಿಚ್ಚಿದಳು. ಯಾರೋ ಸೂಪು ತಂದುಕೊಟ್ಟರು. ಇನ್ನೊಂದು ತಟ್ಟೆ ಮಾತ್ರ ಮೇಜಿನ ಮೇಲೆ ಇರಲಿ ಎಂದಳು.

ಲೊರೆದಾನಾ ಪರದೆಗೆ ಮರಳಿದಳು. "ಈಗ ನೀವೂ ಆಕೆಗೆ ಮಾತು ಕೊಟ್ಟಿರಿ."

"ಕೊಟ್ಟೆ. ಈ ಸಲ ತಿಳಿದೇ ಕೊಟ್ಟೆ."

"ನನ್ನನ್ನು ಸಿಕ್ಕಿಸಿದಿರಿ."

"ಹೌದ್ರೀ ಮತ್ತೆ," ಎಂದಳು ಪುಷ್ಪಾವತಿ. ಅವಸರದಲ್ಲಿ ಅದು ಕನ್ನಡದಲ್ಲೇ ಬಂತು. ಲೊರೆದಾನಾಗೆ ಅರ್ಥವಾಗಿರಬೇಕು, ನಕ್ಕಳು. ಅದೇ ವಾರ ಚೈತ್ರಾಳ ನೇಮಕದ ಪತ್ರ ಬಂತು. ಉಳಿದವರ ಪರೀಕ್ಷೆ ಮುಗಿದ ಹಾಗೆ ಒಬ್ಬೊಬ್ಬರನ್ನೇ ಕರೆಸಿಕೊಳ್ಳುವುದಾಗಿ ಅದರಲ್ಲೇ ಇತ್ತು. ದಾವಣಗೆರೆಯ ಆನ್‌ಲೈನ್ ಕ್ಲಾಸಿನ ಮಾತನ್ನು ರೇಣುಕಪ್ರಸಾದ್ ಮತ್ತೆ ಎತ್ತಲಿಲ್ಲ. ಬದಲಿಗೆ ಇನ್ನೊಂದು ಕುರ್ಚಿ ಕೊಡಿಸಲೇ ಎಂದು ಕೇಳಿದ.

ಆಮೇಲಿನಿಂದ ಪುಷ್ಪಾವತಿಯ ಕ್ಲಾಸಿನಲ್ಲಿ ಮೊದಲ ಪಾಠ ಬೊಂಜೋರ್ನೊ ಅಲ್ಲ, ಹೊರಡುವುದು. "ಬಂದು ಕೂರೋದು ಯಾರಿಗಾದ್ರೂ ಬರುತ್ತೆ. ಎದ್ದು ಬರೋದು ಕಲೀರಿ ಮೊದ್ಲು. ತಿರುಗಿ ಬರೋದಿದ್ರೆ ಯಾವಾಗ ಅಂತ ಹೇಳಿ ಎದ್ದೇಳ್ರಿ. ಬರೋದಿಲ್ಲ ಅಂದ್ರೆ ಕೈ ಹಿಡ್ಕಂಡು, ಬರಲ್ಲ ಅಜ್ಜಿ ಅಂತ ಹೇಳ್ರಿ. ಅವರು ಅಳ್ತಾರೆ, ನೀವೂ ಅಳ್ರಿ. ಆದ್ರೆ ಕಾಯಾಕೆ ಮಾತ್ರ ಬಿಡಬ್ಯಾಡ್ರಿ." ಇದನ್ನು ಹೇಳುವಾಗ ಮಾತ್ರ ಅವಳ ದನಿ ಕೆಳಗಿನ ಅಂಗಡಿಗೆ ಕೇಳಿಸುವುದಿಲ್ಲ.

ಹಿಮ ಕರಗಿತು. ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಇಡೀ ಕ್ಲಾಸು ನಿಂತು ಚೈತ್ರಾಳನ್ನು ಕಳಿಸಿಕೊಟ್ಟಿತು. ಬಸ್ಸು ಹತ್ತುವಾಗ ಅವಳು, "ಬರ್ತೀನಿ ಮೇಡಂ" ಎಂದವಳೇ ನಾಲಿಗೆ ಕಚ್ಚಿಕೊಂಡು, "ಎರಡು ವರ್ಷ ಬಿಟ್ಟು, ರಜಾಕ್ಕೆ," ಎಂದು ಸೇರಿಸಿದಳು. ಪುಷ್ಪಾವತಿ ಅವಳ ಕೆನ್ನೆ ಹಿಂಡಿ, "ಇದು ಚನ್ನಗಿರಿ ಕಣೇ ಹುಚ್ಚಿ, ಇಲ್ಲಿ ಬರೀ ಬರ್ತೀನಿ ಅಂದ್ರೆ ಸಾಕು," ಎಂದಳು.

ಅಲ್ಲಿ ಮುಟ್ಟಿದ ಮರುದಿನ ಮಹಡಿಯ ಲ್ಯಾಪ್‌ಟಾಪಿಗೆ ಕರೆ ಬಂತು. ಲೊರೆದಾನಾ ಫೋನು ಹಿಡಿದು ನಡೆಯುತ್ತಿದ್ದಳು, ಅವಳ ಮುಂದೆ ಚೈತ್ರಾ. ಊಟದ ಹೊತ್ತು. ಕಿಟಕಿಯ ಪಕ್ಕದ ಮೇಜಿಗೆ ಇರ್ಮಾ, ಎದುರಿಗೆ ಎರಡು ತಟ್ಟೆ. ಚೈತ್ರಾ ಹೋಗಿ ಮುಂದೆ ನಿಂತಳು. ಇರ್ಮಾ ತಲೆಯೆತ್ತಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಶ್ಚರ್ಯಪಡಲಿಲ್ಲ, ಅಳಲೂ ಇಲ್ಲ.

"ಇಷ್ಟು ಹೊತ್ತೇನೇ ತೋಜಾ? ಕೂರು, ಸೂಪು ಆರುತ್ತಿದೆ," ಎಂದು ಇನ್ನೊಂದು ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

ಹುಡುಗಿಯರು ಹೋ ಎಂದು ಕೂಗಿದರು. ಕೆಳಗಿನಿಂದ ಮುರುಗೇಶಪ್ಪನವರು "ಏನಾತ್ರೀ?" ಎಂದು ಕೇಳಿದರು. ಪುಷ್ಪಾವತಿ ಕುರ್ಚಿಯಿಂದ ಇಳಿದು ಚಾಪೆಯ ಮೇಲೆ ಕೂತಳು. ಏಪ್ರನ್ನಿನ ಮೊಳೆ ಹುಡುಕುವವಳಂತೆ ಬಾಗಿಲ ಕಡೆ ನೋಡುತ್ತಾ, ಜೆಮ್ಮಜ್ಜಿಯ ಮಾತಿನಲ್ಲಿ ಮೆಲ್ಲಗೆ ಹೇಳಿದಳು:

"ಬಂದೆ ಅಜ್ಜಿ."